ಸಾಲದ ವರದಿಯಲ್ಲಿ ತಪ್ಪು: ಹುಟ್ಟುವ ಬಗೆ, ತಿದ್ದುವ ಬಗೆ

ದಿನಸಿ ಅಂಗಡಿಯ ಉದ್ರಿ ಪುಸ್ತಕವನ್ನು ನಮ್ಮ ವಾಚಕರಲ್ಲಿ ಬಹುಮಂದಿ ನೋಡಿರಬಹುದು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ. ಒಂದು ಕಡೆ ಕೊಂಡ ಸಾಮಾನು, ಇನ್ನೊಂದು ಕಡೆ ಜಮೆಯಾದ ಹಣ. ತಿಂಗಳ ಕೊನೆಯಲ್ಲಿ ತೊಗರಿಬೇಳೆಯನ್ನು ಎರಡು ಸಲ ಬರೆದಿರುವುದು ಕಂಡುಬಂದರೆ ಗಿರಾಕಿಯು ಅಲ್ಲಿಯೇ ನಿಂತು ವಾದಿಸುತ್ತಾನೆ. ಅಂಗಡಿಯವನು ಕನ್ನಡಕವನ್ನು ಏರಿಸಿ ನೋಡಿ, ಒಪ್ಪಿಗೆಯಾದರೆ ಅದೇ ಲೇಖನಿಯಿಂದ ಆ ಸಾಲನ್ನು ಹೊಡೆದುಹಾಕುತ್ತಾನೆ. ತಪ್ಪು ಬರೆದವನು, ತಪ್ಪಿನಿಂದ ನಷ್ಟ ಹೊಂದುವವನು, ತಪ್ಪು ಕುಳಿತಿರುವ ಪುಸ್ತಕ – ಈ ಮೂರೂ ಎರಡು ಮೊಳದ ಅಂತರದೊಳಗೆ ಇರುವುದರಿಂದ ತಿದ್ದುಪಡಿಯು ಸುಲಭವಾಗುತ್ತದೆ.

ಬ್ಯಾಂಕಿನ ಸಾಲದಲ್ಲಿ ಈ ಅಂತರವು ಬಹಳವಾಗಿ ಹಿಗ್ಗಿದೆ. ಸಾಲ ಕೊಟ್ಟ ಶಾಖೆಯು ಒಂದೂರಿನಲ್ಲಿ. ಅದರ ಲೆಕ್ಕವನ್ನಿಡುವ ಗಣಕಯಂತ್ರವು ಇನ್ನೊಂದೂರಿನಲ್ಲಿ. ಆ ಲೆಕ್ಕದ ಸಾರಾಂಶವನ್ನು ಪಡೆದು, ಬೇರೆ ಬೇರೆ ಬ್ಯಾಂಕುಗಳ ಲೆಕ್ಕದೊಡನೆ ಪೋಣಿಸಿ ಇಟ್ಟುಕೊಳ್ಳುವ ಕಂಪನಿಯು ಮತ್ತೊಂದೆಡೆಯಲ್ಲಿ. ಹೀಗೆ ಪೋಣಿಸಿದ ಲೆಕ್ಕಕ್ಕೆ ಕ್ರೆಡಿಟ್ ವರದಿಯೆಂದು ಹೆಸರು. ಜನರ ಬಾಯಲ್ಲಿ ಅದು ‘ಸಿಬಿಲ್’ ಎಂದೇ ರೂಢವಾಗಿದೆ. ‘ಅವನ ಸಿಬಿಲ್ ಸರಿಯಿಲ್ಲವಂತೆ’ ಎಂಬ ಮಾತು ಈಗ ಹಳ್ಳಿಯ ಸಹಕಾರ ಸಂಘದ ಜಗಲಿಯ ಮೇಲೂ ಕೇಳಿಬರುತ್ತದೆ. ಆದರೆ ಸರಿಯಿಲ್ಲದಿರುವುದು ಅವನ ಸಾಲವೋ, ಅಥವಾ ಸಾಲವನ್ನು ಕುರಿತ ಬರೆಹವೋ ಎಂದು ವಿಚಾರಿಸುವವರು ವಿರಳ. ಈ ಎರಡನೆಯ ಸಾಧ್ಯತೆಯನ್ನು ನಾವು ಇಲ್ಲಿ ಪರಿಶೀಲಿಸೋಣ.

ವಿದ್ಯಾರ್ಥಿಗಳಾದ ನಮ್ಮ ವಾಚಕರಿಗೆ ಇದರಿಂದ ಏನಾಗಬೇಕು ಎಂಬ ಪ್ರಶ್ನೆ ಏಳಬಹುದು. ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಿ. ವಿದ್ಯಾರ್ಥಿನಿಯೊಬ್ಬಳು ಪಿ.ಯು.ಸಿ. ಮುಗಿಸಿ ಇಂಜಿನಿಯರಿಂಗ್ ಸೀಟು ಪಡೆದಿದ್ದಾಳೆ. ಶುಲ್ಕ ಕಟ್ಟಲು ಶಿಕ್ಷಣ ಸಾಲ ಬೇಕು. ಅಂತಹ ಸಾಲದಲ್ಲಿ ಸಾಮಾನ್ಯವಾಗಿ ತಂದೆಯೋ ತಾಯಿಯೋ ಸಹಸಾಲಗಾರರಾಗಬೇಕಾಗುತ್ತದೆ. ಬ್ಯಾಂಕಿನವರು ತಂದೆಯ ವರದಿಯನ್ನು ತರಿಸಿ ನೋಡಿದರೆ, ಎರಡು ವರ್ಷದ ಹಿಂದೆಯೇ ತೀರಿದ ಮೋಟಾರ್ ಸೈಕಲ್ ಸಾಲವೊಂದು ಇನ್ನೂ ಬಾಕಿಯೆಂದು ತೋರುತ್ತದೆ. ತಂದೆ ಸುಸ್ತಿದಾರನಲ್ಲ; ಆದರೆ ಕಾಗದವು ಹಾಗೆ ಹೇಳುತ್ತದೆ. ಸೀಟು ಹಂಚಿಕೆಯಾದ ಮೇಲೆ ಶುಲ್ಕ ಕಟ್ಟಲು ದೊರೆಯುವುದು ಕೆಲವೇ ದಿನಗಳು. ವರದಿಯನ್ನು ತಿದ್ದಲು ಕಾನೂನು ಕೊಟ್ಟಿರುವ ಅವಧಿಯೋ ಮೂವತ್ತು ದಿನಗಳು. ಈ ಎರಡು ಸಂಖ್ಯೆಗಳ ನಡುವಿನ ಕಂದಕದಲ್ಲಿ ಒಂದು ಸೀಟು ಕೈತಪ್ಪಿಹೋಗಬಹುದು. ಇಷ್ಟೇ ಅಲ್ಲದೆ, ಈಚಿನ ವರ್ಷಗಳಲ್ಲಿ ಬ್ಯಾಂಕು ನೌಕರಿಯ ಪ್ರಕಟಣೆಗಳಲ್ಲಿಯೂ ಅಭ್ಯರ್ಥಿಯ ಸಾಲದ ಚರಿತ್ರೆ ಸ್ವಚ್ಛವಾಗಿರಬೇಕೆಂಬ ಷರತ್ತು ಕಾಣಿಸಿಕೊಂಡಿದೆ.

ಮೊದಲು ಈ ವರದಿಯು ಹುಟ್ಟುವ ಬಗೆಯನ್ನು ನೋಡೋಣ. ಭಾರತದಲ್ಲಿ ಇಂತಹ ಮೊದಲ ಸಂಸ್ಥೆಯಾದ ಸಿಬಿಲ್ ಸ್ಥಾಪನೆಯಾದುದು 2000ದಲ್ಲಿ. 2005ರಲ್ಲಿ ಸಂಸತ್ತು ಕ್ರೆಡಿಟ್ ಮಾಹಿತಿ ಕಂಪನಿಗಳ ನಿಯಂತ್ರಣಕ್ಕಾಗಿ ಒಂದು ಅಧಿನಿಯಮವನ್ನು ಮಾಡಿತು. ಅದು 2006ರ ಡಿಸೆಂಬರಿನಲ್ಲಿ ಜಾರಿಗೆ ಬಂದಿತು. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳು ರಿಸರ್ವ್ ಬ್ಯಾಂಕಿನ ಮೇಲ್ವಿಚಾರಣೆಯಲ್ಲಿ ಈ ಕೆಲಸವನ್ನು ಮಾಡುತ್ತವೆ. ಸಾಲ ಕೊಡುವ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಈ ನಾಲ್ಕಕ್ಕೂ ಸದಸ್ಯರಾಗಿ, ತಮ್ಮ ಸಾಲಗಾರರ ಲೆಕ್ಕವನ್ನು ನಿಯತಕಾಲದಲ್ಲಿ ಕಳುಹಿಸಬೇಕು. ಬಹುಕಾಲ ಇದು ತಿಂಗಳಿಗೊಮ್ಮೆ ನಡೆಯುತ್ತಿದ್ದಿತು; 2025ರ ಜನವರಿ 1ರಿಂದ ಹದಿನೈದು ದಿನಗಳಿಗೊಮ್ಮೆಯಾದರೂ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದುಂಟು. ವರದಿಯನ್ನು ಕೊಡುವ ಕಂಪನಿಯು ಸಾಲಗಾರನನ್ನು ಕಂಡಿಲ್ಲ, ಅವನು ಕಂತು ಕಟ್ಟಿದುದನ್ನು ನೋಡಿಲ್ಲ, ರಸೀದಿಯನ್ನು ಮುಟ್ಟಿಲ್ಲ. ಅದು ಸ್ವತಃ ಯಾವುದನ್ನೂ ಅಳೆಯುವುದಿಲ್ಲ. ಇತರರು ಅಳೆದುದನ್ನು ಸಂಗ್ರಹಿಸುತ್ತದೆ. ನಮ್ಮ ಪ್ರಯೋಗಶಾಲೆಯ ಭಾಷೆಯಲ್ಲಿ ಹೇಳುವುದಾದರೆ, ಅದು ಉಪಕರಣವಲ್ಲ, ಅಳತೆಗಳನ್ನು ಬರೆದಿಡುವ ದಾಖಲೆ ಪುಸ್ತಕ. ತಪ್ಪನ್ನು ತಿದ್ದುವ ದಾರಿಯೆಲ್ಲವೂ ಈ ಒಂದು ಸಂಗತಿಯನ್ನು ಅವಲಂಬಿಸಿದೆಯೆಂಬುದು ಮುಂದೆ ಸ್ಪಷ್ಟವಾಗುತ್ತದೆ.

ವರದಿಯಲ್ಲಿ ಏನಿರುತ್ತದೆ? ಹೆಸರು, ಹುಟ್ಟಿದ ದಿನ, ಪ್ಯಾನ್ ಮೊದಲಾದ ಗುರುತಿನ ಸಂಖ್ಯೆಗಳು, ವಿಳಾಸಗಳು, ದೂರವಾಣಿ ಸಂಖ್ಯೆಗಳು – ಇವು ಒಂದು ಭಾಗ. ಒಂದೊಂದು ಸಾಲದ ವಿವರ ಎರಡನೆಯ ಭಾಗ: ಯಾವ ಬಗೆಯ ಸಾಲ, ಎಂದು ಆರಂಭವಾಯಿತು, ಮಂಜೂರಾದುದೆಷ್ಟು, ಉಳಿದಿರುವುದೆಷ್ಟು, ಗಡುವು ಮೀರಿದ ಬಾಕಿ ಎಷ್ಟು, ಸಾಲವು ಒಬ್ಬನದೇ ಅಥವಾ ಜಂಟಿಯೇ ಅಥವಾ ಈತನು ಬರಿಯ ಜಾಮೀನುದಾರನೇ ಎಂಬುದು. ಯಾವ ಯಾವ ಸಂಸ್ಥೆಗಳು ಎಂದೆಂದು ಈತನ ವರದಿಯನ್ನು ಕೇಳಿದವು ಎಂಬ ಪಟ್ಟಿ ಮೂರನೆಯದು.

ಎರಡನೆಯ ಭಾಗದಲ್ಲಿ ಮೂವತ್ತಾರು ತಿಂಗಳುಗಳ ಒಂದು ಕೋಷ್ಟಕವಿರುತ್ತದೆ. ವರದಿಯ ಹೃದಯವೇ ಇದೆನ್ನಬಹುದು. ಒಂದೊಂದು ತಿಂಗಳಿಗೂ ಮೂರು ಅಂಕಿಗಳು: ಆ ತಿಂಗಳಿನ ಲೆಕ್ಕದ ವೇಳೆಗೆ ಕಂತು ಎಷ್ಟು ದಿನ ಗಡುವು ಮೀರಿತ್ತು ಎಂಬುದು. 000 ಎಂದಿದ್ದರೆ ಬಾಕಿ ಇಲ್ಲ. ಆ ತಿಂಗಳ ಮಾಹಿತಿಯೇ ಬಂದಿಲ್ಲವಾದರೆ ಎಕ್ಸ್ ಎಂಬ ಅಕ್ಷರವನ್ನು ಮೂರು ಸಲ ಬರೆದಿರುತ್ತದೆ. ಕೆಲವರು ಇದನ್ನು ಕಂಡು ಬೆದರುತ್ತಾರೆ, ಕಾರಣವಿಲ್ಲ. ಈ ಕೋಷ್ಟಕದ ವಿಚಿತ್ರವೇನೆಂದರೆ ಅದು ಅಳೆಯುವುದು ಹಣವನ್ನಲ್ಲ, ಕಾಲವನ್ನು. ಸಾಲ ತೀರಿಸುವಾಗ ಕೊನೆಯ ದಿನದ ಬಡ್ಡಿಯೆಂದು ಹನ್ನೆರಡು ರೂಪಾಯಿ ಉಳಿದುಹೋಯಿತೆನ್ನಿ. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಆದರೆ ಗಡಿಯಾರವು ಓಡುತ್ತಲೇ ಇರುತ್ತದೆ: ಮೊದಲ ತಿಂಗಳು 030, ಎರಡನೆಯ ತಿಂಗಳು 061, ಮೂರನೆಯ ತಿಂಗಳು 091. ತೊಂಬತ್ತು ದಿನ ಮೀರಿದ ಸಾಲವನ್ನು ಬ್ಯಾಂಕುಗಳು ವಸೂಲಾಗದ ಸಾಲಗಳ ವರ್ಗಕ್ಕೆ ಸೇರಿಸುವುದು ನಿಯಮ. ಹನ್ನೆರಡು ರೂಪಾಯಿಯಾದರೂ ಹನ್ನೆರಡು ಲಕ್ಷವಾದರೂ ದಿನಗಳ ಲೆಕ್ಕಕ್ಕೆ ಒಂದೇ.

ಇನ್ನು ಸ್ಕೋರ್. ಸಿಬಿಲ್‌ನಲ್ಲಿ 300ರಿಂದ 900ರ ವರೆಗಿನ ಈ ಸಂಖ್ಯೆಯನ್ನೇ ಜನರು ವರದಿಯೆಂದು ಭಾವಿಸುವುದುಂಟು. ಇದು ಸರಿಯಲ್ಲ. ವರದಿಯಲ್ಲಿರುವ ಸಂಗತಿಗಳಿಂದ ಒಂದು ಸೂತ್ರದ ಮೂಲಕ ಲೆಕ್ಕಹಾಕಿ ತೆಗೆದ ಫಲವೇ ಸ್ಕೋರ್. ಸ್ಕೋರನ್ನು ತಿದ್ದಿಕೊಡಿರೆಂದು ಕೇಳುವುದು, ಲೆಕ್ಕದ ಉತ್ತರವನ್ನು ಮಾತ್ರ ಅಳಿಸಿ ಬರೆಯಿರೆಂದು ಕೇಳಿದಂತೆ. ದತ್ತಾಂಶವನ್ನು ತಿದ್ದಿದರೆ ಉತ್ತರವು ತಾನಾಗಿ ಬದಲಾಗುತ್ತದೆ.

ಈಗ ತಪ್ಪುಗಳ ವಿಚಾರಕ್ಕೆ ಬರೋಣ. ತಪ್ಪೆಂದು ತೋರುವುದೆಲ್ಲ ತಪ್ಪಲ್ಲ. ರಾತ್ರಿಯಲ್ಲಿ ಲುಬ್ಧಕ ನಕ್ಷತ್ರವನ್ನು ನೋಡುವಾಗ ನಮ್ಮ ಕಣ್ಣಿಗೆ ಬೀಳುವುದು ಸುಮಾರು 8.6 ವರ್ಷಗಳ ಹಿಂದೆ ಹೊರಟ ಬೆಳಕು. ನಾವು ನೋಡುವುದು ಅಂದಿನ ಲುಬ್ಧಕವನ್ನು. ಹಾಗೆಯೇ ವರದಿಯಲ್ಲಿ ಕಾಣುವುದು ಬ್ಯಾಂಕು ಕೊನೆಯ ಬಾರಿ ಲೆಕ್ಕ ಕಳುಹಿಸಿದ ದಿನದ ಸ್ಥಿತಿ. ನಿನ್ನೆ ಕಟ್ಟಿದ ಕಂತು ಇಂದು ಕಾಣಲಿಲ್ಲವೆಂದು ದೂರು ಕೊಟ್ಟರೆ ಪ್ರಯೋಜನವಿಲ್ಲ. ಒಂದೊಂದು ಸಾಲದ ವಿವರದಲ್ಲಿಯೂ ಮಾಹಿತಿ ಯಾವ ದಿನದ್ದೆಂದು ನಮೂದಾಗಿರುತ್ತದೆ. ಮೊದಲು ಅದನ್ನು ನೋಡಬೇಕು. ಅಂತೆಯೇ, ಬ್ಯಾಂಕಿನೊಡನೆ ರಾಜಿ ಮಾಡಿಕೊಂಡು ಬಾಕಿಗಿಂತ ಕಡಿಮೆ ಹಣ ಕಟ್ಟಿದ ಸಾಲವನ್ನು ‘ಸೆಟಲ್ಡ್’ ಎಂದು ತೋರಿಸಿದರೆ ಅದು ತಪ್ಪಲ್ಲ, ಅಹಿತಕರವಾದ ಸತ್ಯ. ಪೂರ್ತಿ ಕಟ್ಟಿ ತೀರಿಸಿದುದನ್ನು ಹಾಗೆ ತೋರಿಸಿದ್ದರೆ ಮಾತ್ರ ತಪ್ಪು.

ನಿಜವಾದ ತಪ್ಪುಗಳು ಬಹುತೇಕ ಮೂರು ಸ್ಥಾನಗಳಲ್ಲಿ ಹುಟ್ಟುತ್ತವೆ. ಮೊದಲನೆಯದು ಮೂಲ, ಎಂದರೆ ಸಾಲ ಕೊಟ್ಟ ಸಂಸ್ಥೆಯ ಲೆಕ್ಕ. ತೀರಿದ ಸಾಲವನ್ನು ಮುಚ್ಚದೆ ಬಿಡುವುದು, ಕಟ್ಟಿದ ಕಂತನ್ನು ಬೇರೆ ಖಾತೆಗೆ ಜಮೆ ಮಾಡುವುದು, ಜಾಮೀನುದಾರನನ್ನು ಸಾಲಗಾರನೆಂದು ಬರೆಯುವುದು, ಒಂದು ಸಂಸ್ಥೆಯು ತನ್ನ ಸಾಲಗಳನ್ನು ಇನ್ನೊಂದಕ್ಕೆ ಮಾರಿದಾಗ ಅದೇ ಸಾಲವು ಎರಡೂ ಕಡೆ ಉಳಿಯುವುದು – ಇವೆಲ್ಲ ಈ ಜಾತಿಗೆ ಸೇರಿದುವು. ಇವುಗಳಲ್ಲಿ ವಿಜ್ಞಾನಕ್ಕೆ ಸೇರಿದ ಸ್ವಾರಸ್ಯವೇನೂ ಇಲ್ಲ, ಅಜಾಗರೂಕತೆಯೇ ಕಾರಣ.

ಎರಡನೆಯ ಸ್ಥಾನವು ಹೆಚ್ಚು ಕುತೂಹಲಕರವಾದುದು: ಪೋಣಿಸುವ ಕೆಲಸ. ಬೇರೆ ಬೇರೆ ಸಂಸ್ಥೆಗಳಿಂದ ಬಂದ ಲೆಕ್ಕಗಳಲ್ಲಿ ಯಾವುವು ಒಬ್ಬನೇ ವ್ಯಕ್ತಿಗೆ ಸೇರಿದುವೆಂದು ಗಣಕಯಂತ್ರವು ನಿರ್ಧರಿಸಬೇಕು. ಹೆಸರಿನಿಂದ ಇದನ್ನು ನಿರ್ಧರಿಸಲು ನಮ್ಮ ನಾಡಿನಲ್ಲಿ ಸಾಧ್ಯವೇ? ಮಂಜುನಾಥನೆಂಬ ಹೆಸರಿಗೆ ಊರಿನ ಅಕ್ಷರವೊಂದು, ತಂದೆಯ ಅಕ್ಷರವೊಂದು ಮುಂದೆ ಸೇರುತ್ತವೆ. ಒಂದು ಕಡೆ ಆ ಅಕ್ಷರಗಳು ಹೆಸರಿನ ಹಿಂದಕ್ಕೆ ಹೋಗುತ್ತವೆ. ಇನ್ನೊಂದು ಕಡೆ ಅರ್ಜಿಯಲ್ಲಿ ‘ಪೂರ್ಣ ಹೆಸರು’ ಬೇಕೆಂದು ಕೇಳಿದುದರಿಂದ ತಂದೆಯ ಹೆಸರೇ ಮನೆತನದ ಹೆಸರಾಗುತ್ತದೆ. ಲಕ್ಷ್ಮಿಯನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವಾಗ ನಡುವೆ ಕೆ, ಎಸ್, ಎಚ್ ಎಂದು ಮೂರು ಅಕ್ಷರ ಹಾಕುವವರುಂಟು, ಎಕ್ಸ್ ಒಂದನ್ನೇ ಹಾಕುವವರುಂಟು. ಹೀಗಾಗಿ ಒಬ್ಬಳೇ ಲಕ್ಷ್ಮಿಯು ಇಬ್ಬರಾಗಬಹುದು. ಇಬ್ಬರು ಮಂಜುನಾಥರು ಒಬ್ಬನಾಗಬಹುದು. ಯಂತ್ರವು ಕಟ್ಟುನಿಟ್ಟಾಗಿ ಹೋಲಿಸಿದರೆ ಮೊದಲನೆಯ ತಪ್ಪು ಹೆಚ್ಚುತ್ತದೆ, ಸಡಿಲವಾಗಿ ಹೋಲಿಸಿದರೆ ಎರಡನೆಯದು ಹೆಚ್ಚುತ್ತದೆ. ಎರಡನ್ನೂ ಒಟ್ಟಿಗೆ ಶೂನ್ಯಕ್ಕೆ ಇಳಿಸುವ ಉಪಾಯವು ಹೆಸರೊಂದರಿಂದಲೇ ದೊರೆಯಲಾರದು.

ಹುಟ್ಟಿದ ದಿನವನ್ನೂ ಸೇರಿಸಿ ಹೋಲಿಸಿದರೆ ಸಾಲದೇ ಎಂದು ಕೇಳಬಹುದು. ಇದನ್ನು ಲೆಕ್ಕಹಾಕಿ ನೋಡೋಣ. ನಲವತ್ತು ವರ್ಷಗಳ ಅವಧಿಯಲ್ಲಿ 14,610 ದಿನಗಳುಂಟು. ಈ ಅವಧಿಯಲ್ಲಿ ಹುಟ್ಟಿದ, ಒಂದೇ ಹೆಸರಿನ ಎಷ್ಟು ಮಂದಿ ಇದ್ದರೆ ಅವರಲ್ಲಿ ಯಾರಾದರೂ ಇಬ್ಬರು ಒಂದೇ ವರ್ಷದ ಒಂದೇ ದಿನ ಹುಟ್ಟಿರುವ ಸಂಭವ ಅರ್ಧದಷ್ಟಾದೀತು? ಏಳು ಸಾವಿರವೆಂದು ಊಹಿಸುವವರೇ ಹೆಚ್ಚು. ನಿಜವಾದ ಉತ್ತರವು ಸುಮಾರು 143. ಏಕೆಂದರೆ ಇಲ್ಲಿ ಎಣಿಸಬೇಕಾದುದು ಜನರನ್ನಲ್ಲ, ಜೋಡಿಗಳನ್ನು. 143 ಮಂದಿಯಲ್ಲಿ 143ನ್ನು 142ರಿಂದ ಗುಣಿಸಿ ಎರಡರಿಂದ ಭಾಗಿಸಿದಷ್ಟು, ಎಂದರೆ 10,153 ಜೋಡಿಗಳಾಗುತ್ತವೆ; ಒಂದೊಂದು ಜೋಡಿಗೂ ದಿನ ಹೊಂದುವ ಸಂಭವವು 14,610ರಲ್ಲಿ ಒಂದು. ಮಂಜುನಾಥರು ನಮ್ಮ ರಾಜ್ಯದಲ್ಲಿ 143 ಮಂದಿಗಿಂತ ಹೆಚ್ಚಿಲ್ಲವೆಂದು ಯಾರೂ ಹೇಳಲಾರರು. ಇದರ ಮೇಲೆ, ಈ ಲೆಕ್ಕವು ಎಲ್ಲ ದಿನಗಳೂ ಸಮಾನವೆಂದು ಭಾವಿಸಿ ಮಾಡಿದುದು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಯ ಜನ್ಮದಿನ ಶಾಲೆಯ ದಾಖಲೆಯಲ್ಲಿ ಜೂನ್ 1 ಆಗಿರುವುದು ಎಲ್ಲರಿಗೂ ತಿಳಿದಿದೆ. ಮಗುವನ್ನು ಸೇರಿಸಲು ಬಂದವರಿಗೆ ದಿನ ನೆನಪಿಲ್ಲದಿದ್ದಾಗ ಮೇಷ್ಟರು ಅನುಕೂಲವಾದ ದಿನವೊಂದನ್ನು ಬರೆದುಕೊಂಡರು. ಅಂದು ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಇಂದು ಅದೇ ದಿನವು ಇಬ್ಬರು ಅಪರಿಚಿತರ ಸಾಲಗಳನ್ನು ಬೆಸೆಯಬಲ್ಲದು.

ಆದುದರಿಂದಲೇ ಹತ್ತು ಸ್ಥಾನಗಳ ಪ್ಯಾನ್ ಸಂಖ್ಯೆಗೆ ಇಷ್ಟು ಮಹತ್ತ್ವ. ಅದು ಒಬ್ಬನಿಗೆ ಒಂದೇ ಇರಬೇಕಾದುದರಿಂದ ಹೆಸರು, ದಿನಗಳ ಗೊಂದಲವನ್ನು ಬಹುಮಟ್ಟಿಗೆ ಪರಿಹರಿಸುತ್ತದೆ. ಆದರೂ ಪ್ಯಾನ್ ಇಲ್ಲದೆ ಕೊಟ್ಟ ಹಳೆಯ ಸಾಲಗಳಿವೆ; ಕೈಬರೆಹದ ಅರ್ಜಿಯಲ್ಲಿನ 3ನ್ನು 8 ಎಂದು ಓದಿದ ಗುಮಾಸ್ತನಿರಬಹುದು. ವರದಿಯನ್ನು ಕೈಗೆ ತೆಗೆದುಕೊಂಡವರು ಸಾಲದ ಪಟ್ಟಿಗೆ ಹಾರುವ ಮುನ್ನ ಮೊದಲ ಪುಟದ ಈ ನೀರಸ ವಿವರಗಳನ್ನು ಅಕ್ಷರ ಅಕ್ಷರವಾಗಿ ಓದಬೇಕೆನ್ನುವುದು ಇದಕ್ಕಾಗಿ. ಎಂದೂ ವಾಸಮಾಡದ ಊರಿನ ವಿಳಾಸವೊಂದು ಅಲ್ಲಿದ್ದರೆ, ಇನ್ನೊಬ್ಬನ ಲೆಕ್ಕವು ಒಳಗೆ ಸೇರಿಕೊಂಡಿರುವುದಕ್ಕೆ ಅದು ಮೊದಲ ಸುಳಿವು.

ಸಡಿಲವಾದ ಹೋಲಿಕೆಯು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ಪ್ರಕರಣ ಪ್ರಸಿದ್ಧವಾಗಿದೆ. 2011ರಲ್ಲಿ ಕ್ಯಾಲಿಫೋರ್ನಿಯದ ಗೃಹಸ್ಥನೊಬ್ಬನು ಹೆಂಡತಿಯೊಡನೆ ಕಾರು ಕೊಳ್ಳಲು ಹೋದನು. ಮಾರಾಟಗಾರನು ತರಿಸಿದ ಟ್ರಾನ್ಸ್‌ಯೂನಿಯನ್ ವರದಿಯಲ್ಲಿ, ಈತನ ಹೆಸರು ಸರಕಾರದ ಭಯೋತ್ಪಾದಕರ ಹಾಗೂ ಮಾದಕವಸ್ತು ಸಾಗಣೆದಾರರ ಪಟ್ಟಿಯಲ್ಲಿರುವ ಹೆಸರಿಗೆ ಹೊಂದುತ್ತದೆಂಬ ಎಚ್ಚರಿಕೆಯಿದ್ದಿತು. ಕೊನೆಗೆ ಕಾರನ್ನು ಹೆಂಡತಿಯ ಹೆಸರಿನಲ್ಲಿ ಕೊಳ್ಳಬೇಕಾಯಿತು. ಆದುದಿಷ್ಟೆ: ಯಂತ್ರವು ಮೊದಲ ಹೆಸರನ್ನೂ ಕೊನೆಯ ಹೆಸರನ್ನೂ ಮಾತ್ರ ಹೋಲಿಸಿತ್ತು, ಹುಟ್ಟಿದ ದಿನವನ್ನು ನೋಡಿರಲಿಲ್ಲ. ಮೊಕದ್ದಮೆ ನಡೆದಾಗ ಇದೇ ಬಗೆಯ ಎಚ್ಚರಿಕೆ ಅಂಟಿಕೊಂಡವರು 8,185 ಮಂದಿಯೆಂದು ಲೆಕ್ಕ ದೊರೆಯಿತು. 2021ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಯಾರ ವರದಿಯನ್ನು ಹೊರಗಿನವರಿಗೆ ಕಳುಹಿಸಲಾಗಿತ್ತೋ ಆ 1,853 ಮಂದಿಗೆ ಮಾತ್ರ ಈ ತಪ್ಪು ಎಚ್ಚರಿಕೆಗಾಗಿ ಪರಿಹಾರ ಕೇಳುವ ಅಧಿಕಾರವುಂಟೆಂದು ತೀರ್ಮಾನಿಸಿತು. ಉಳಿದವರ ಕಡತದಲ್ಲಿ ತಪ್ಪು ಇದ್ದರೂ ಅದು ಮೇಜಿನ ಖಾನೆಯಿಂದ ಹೊರಗೆ ಬಂದಿರಲಿಲ್ಲವೆಂಬುದು ನ್ಯಾಯಾಲಯದ ತರ್ಕ. ನ್ಯಾಯಾಧೀಶರಲ್ಲಿ ನಾಲ್ವರು ಇದನ್ನು ಒಪ್ಪಲಿಲ್ಲ. ನಮಗೂ ಒಪ್ಪಲು ಕಷ್ಟವೇ. ನಮ್ಮ ಸಿಬಿಲ್‌ನ ಬಹುಪಾಲು ಒಡೆತನವು ಇಂದು ಆ ಟ್ರಾನ್ಸ್‌ಯೂನಿಯನ್ ಸಂಸ್ಥೆಯದೇ.

ಮೂರನೆಯ ಸ್ಥಾನ ವಂಚನೆ. ಇನ್ನೊಬ್ಬರ ಪ್ಯಾನ್ ಸಂಖ್ಯೆಯನ್ನು ಉಪಯೋಗಿಸಿ ಸಣ್ಣ ಸಾಲಗಳನ್ನು ಪಡೆದು ಮಾಯವಾಗುವುದು ಇದರ ಕ್ರಮ. 2022ರ ಫೆಬ್ರುವರಿಯಲ್ಲಿ, ತಾವೆಂದೂ ಕೇಳದ ಸಾಲಗಳು ತಮ್ಮ ವರದಿಯಲ್ಲಿವೆಯೆಂದು ದೇಶದ ಹಲವೆಡೆಗಳಿಂದ ಜನರು ದೂರಿದರು. ಚಲನಚಿತ್ರ ನಟಿಯೊಬ್ಬರ ಹೆಸರಿನಲ್ಲಿಯೂ 2,000 ರೂಪಾಯಿಯ ಸಾಲವಿದ್ದಿತು. ಇಂತಹ ಪ್ರಸಂಗದಲ್ಲಿ ವರದಿಯ ತಿದ್ದುಪಡಿಯೊಡನೆ ಪೊಲೀಸರಿಗೆ ದೂರು ಕೊಡುವುದೂ ಅವಶ್ಯಕ.

ತಪ್ಪು ಹುಟ್ಟಿದ ಸ್ಥಾನವನ್ನು ಗುರುತಿಸಿದ ಮೇಲೆ ತಿದ್ದುವುದು ಹೇಗೆ? 2005ರ ಅಧಿನಿಯಮದ 21ನೆಯ ಪ್ರಕರಣವು ಸಾಲಗಾರನಿಗೆ ಎರಡು ಹಕ್ಕುಗಳನ್ನು ಕೊಟ್ಟಿದೆ: ತನ್ನ ವರದಿಯನ್ನು ಪಡೆಯುವುದು, ಅದನ್ನು ತಿದ್ದಬೇಕೆಂದು ಕೇಳುವುದು. ಈ ಕೋರಿಕೆಯನ್ನು ವರದಿ ಕೊಟ್ಟ ಕಂಪನಿಗೂ ಸಲ್ಲಿಸಬಹುದು, ಸಾಲ ಕೊಟ್ಟ ಸಂಸ್ಥೆಗೂ ಸಲ್ಲಿಸಬಹುದು. ಮೂವತ್ತು ದಿನಗಳೊಳಗೆ ಕ್ರಮ ಕೈಕೊಳ್ಳಬೇಕು. ಆದರೆ ಅದೇ ಪ್ರಕರಣದಲ್ಲಿ ಒಂದು ನಿಬಂಧನೆಯೂ ಇದೆ. ಸಾಲ ಕೊಟ್ಟ ಸಂಸ್ಥೆಯು ತಿದ್ದುಪಡಿ ಸರಿಯೆಂದು ದೃಢೀಕರಿಸಿದ ಹೊರತು ವರದಿ ಕಂಪನಿಯು ಒಂದಂಕಿಯನ್ನೂ ಬದಲಾಯಿಸಕೂಡದು. ಸಾಲದ ವಿವಾದವು ನ್ಯಾಯಾಲಯದಲ್ಲಿದ್ದರೆ, ಅದು ತೀರುವ ತನಕ ಸಂಸ್ಥೆಯ ಪುಸ್ತಕದಲ್ಲಿರುವುದೇ ಪ್ರಮಾಣ.

ಇದು ಅನ್ಯಾಯವೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಆದರೆ ನಮ್ಮ ಪ್ರಯೋಗಶಾಲೆಯ ಉದಾಹರಣೆಯನ್ನು ನೆನೆಯಿರಿ. ಸ್ಕ್ರೂಗೇಜಿನಲ್ಲಿ ಶೂನ್ಯದೋಷವಿದ್ದಾಗ ವಿದ್ಯಾರ್ಥಿಯು ದಾಖಲೆ ಪುಸ್ತಕದಲ್ಲಿರುವ ಒಂದು ಅಳತೆಯನ್ನು ತಿದ್ದಿದನೆನ್ನಿ. ಉಪಕರಣವನ್ನು ಮುಟ್ಟಲಿಲ್ಲ. ಮುಂದಿನ ತಂತಿಯನ್ನು ಅಳೆದಾಗ ಅದೇ ದೋಷವು ಮರಳಿ ಬರುತ್ತದೆ. ಕ್ರೆಡಿಟ್ ವರದಿಯೂ ಹೀಗೆಯೇ. ಬ್ಯಾಂಕಿನ ಪುಸ್ತಕದಲ್ಲಿ ಹನ್ನೆರಡು ರೂಪಾಯಿ ಬಾಕಿ ಉಳಿದಿರುವ ತನಕ, ವರದಿಯಲ್ಲಿ ಎಷ್ಟು ಸಲ ಅಳಿಸಿದರೂ ಮುಂದಿನ ಲೆಕ್ಕದೊಡನೆ ಅದು ಮತ್ತೆ ಬಂದು ಕೂಡುತ್ತದೆ. ಒಮ್ಮೆ ತಿದ್ದಿದ ತಪ್ಪು ಆರು ತಿಂಗಳ ಮೇಲೆ ಪುನಃ ಕಾಣಿಸಿಕೊಂಡಿತೆಂದು ಹೇಳುವವರ ಪ್ರಸಂಗಗಳಲ್ಲಿ ಹಲವಕ್ಕೆ ಕಾರಣವನ್ನು ಇಲ್ಲಿ ಹುಡುಕಬೇಕು.

ಆದ್ದರಿಂದ ತಪ್ಪು ಮೂಲದಲ್ಲಿದ್ದರೆ ಸಾಲ ಕೊಟ್ಟ ಸಂಸ್ಥೆಗೆ ಮೊದಲು ಬರೆಯಬೇಕು, ವರದಿ ಕಂಪನಿಗೂ ಅದೇ ದಿನ ದೂರು ಸಲ್ಲಿಸಬೇಕು. ತಪ್ಪು ಪೋಣಿಸುವಿಕೆಯಲ್ಲಿದ್ದರೆ, ಎಂದರೆ ಸಾಲವೇ ತನ್ನದಲ್ಲವಾದರೆ, ವರದಿ ಕಂಪನಿಯಿಂದ ಆರಂಭಿಸುವುದು ಲೇಸು. ಬೇರೆ ಯಾರದೋ ಸಾಲದ ಬಗ್ಗೆ ವಿಚಾರಿಸಲು ಹೋದವನೊಡನೆ ಶಾಖೆಯವರು ಏನೆಂದು ಮಾತನಾಡಿಯಾರು? ದೂರು ಸಲ್ಲಿಸಲು ಶುಲ್ಕವಿಲ್ಲ. ಕಂಪನಿಯ ಜಾಲತಾಣದಲ್ಲಿ, ವರದಿಯ ಮೇಲಿರುವ ಕ್ರಮಸಂಖ್ಯೆಯನ್ನು ಕೊಟ್ಟು, ಯಾವ ನಮೂದು ತಪ್ಪೆಂದು ಸೂಚಿಸಬಹುದು. ಶುಲ್ಕ ಪಡೆದು ‘ಸಿಬಿಲ್ ಶುದ್ಧಿ’ ಮಾಡಿಕೊಡುತ್ತೇವೆಂದು ಜಾಹೀರಾತು ಕೊಡುವವರಿದ್ದಾರೆ. ಸಾಲಗಾರನು ತಾನೇ ಬಿಟ್ಟಿಯಾಗಿ ಕೇಳಬಹುದಾದುದನ್ನು ಅವರು ಹಣಕ್ಕೆ ಕೇಳುತ್ತಾರೆ. ನಿಜವಾದ ನಮೂದನ್ನು ಅಳಿಸುವ ಅಧಿಕಾರ ಅವರಿಗೂ ಇಲ್ಲ.

ಪತ್ರದ ಮಾತು ಬಂದಾಗ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ‘ನನ್ನ ಸಿಬಿಲ್ ತಪ್ಪಾಗಿದೆ, ದಯಮಾಡಿ ಸರಿಪಡಿಸಿ’ ಎಂಬ ಪತ್ರದಿಂದ ಏನೂ ಆಗುವುದಿಲ್ಲ. ಓದುವವನಿಗೆ ಬೇಕಾದುದು ನಾಲ್ಕು ಸಂಗತಿಗಳು: ಯಾವ ಖಾತೆ, ವರದಿಯಲ್ಲಿ ಏನಿದೆ, ಅಲ್ಲಿ ಏನಿರಬೇಕು, ಆಧಾರವೇನು. ‘ತಮ್ಮಲ್ಲಿರುವ ಇಂತಹ ಸಂಖ್ಯೆಯ ದ್ವಿಚಕ್ರವಾಹನ ಸಾಲವು ಇಂತಹ ದಿನ ಪೂರ್ಣವಾಗಿ ತೀರಿದೆ. ಇಂತಹ ದಿನಾಂಕದ ವರದಿಯಲ್ಲಿ ಗಡುವು ಮೀರಿದ ಬಾಕಿ 12 ರೂ. ಎಂದೂ, ಏಪ್ರಿಲ್‌ನಿಂದ ಜೂನ್‌ವರೆಗೆ 030, 061, 091 ಎಂದೂ ತೋರಿದೆ. ಖಾತೆಯನ್ನು ಮುಕ್ತಾಯವೆಂದು, ಬಾಕಿಯನ್ನು ಸೊನ್ನೆಯೆಂದು, ಆ ಮೂರು ತಿಂಗಳನ್ನು 000 ಎಂದು ತಿದ್ದಬೇಕು. ಬೇಬಾಕಿ ಪತ್ರದ ಮತ್ತು ಕೊನೆಯ ಕಂತಿನ ರಸೀದಿಯ ಪ್ರತಿಗಳನ್ನು ಲಗತ್ತಿಸಿದೆ.’ ಇಷ್ಟು ಸಾಕು. ಕೋಪವನ್ನಾಗಲಿ ಕುಟುಂಬದ ಕಷ್ಟವನ್ನಾಗಲಿ ಬರೆಯಬೇಕಾಗಿಲ್ಲ. ಬಾಕಿಯನ್ನು ಸೊನ್ನೆ ಮಾಡಿಸಿ ಕೋಷ್ಟಕವನ್ನು ಮರೆತುಬಿಡುವವರು ಅನೇಕರು. ಖಾತೆ ಮುಚ್ಚಿದರೂ ಆ ಮೂರು ತಿಂಗಳ ಕಲೆಯು ಮೂವತ್ತಾರು ತಿಂಗಳ ಕೋಷ್ಟಕದಲ್ಲಿ ಉಳಿದೇ ಇರುತ್ತದೆ. ಸಾಲ ತೀರಿದ ದಿನವೇ ಬೇಬಾಕಿ ಪತ್ರವನ್ನು ಕೇಳಿ ಪಡೆದು ಭದ್ರವಾಗಿ ಇಟ್ಟಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲವಷ್ಟೆ.

ಮೂವತ್ತು ದಿನಗಳು ಹೇಗೆ ಹಂಚಿಹೋಗುತ್ತವೆಂಬುದನ್ನು ತಿಳಿದಿರುವುದು ಉಪಯುಕ್ತ. ವರದಿ ಕಂಪನಿಯಿಂದ ದೂರು ಬಂದರೆ ಸಾಲ ಕೊಟ್ಟ ಸಂಸ್ಥೆಯು 21 ದಿನಗಳೊಳಗೆ ತಿದ್ದಿದ ಮಾಹಿತಿಯನ್ನು ಕಳುಹಿಸಬೇಕು; ಉಳಿದ 9 ದಿನಗಳು ವರದಿ ಕಂಪನಿಯ ಪಾಲು. 2023ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಆಜ್ಞೆಯು 2024ರ ಏಪ್ರಿಲ್ 26ರಿಂದ ಇದಕ್ಕೆ ಹಲ್ಲು ಕೊಟ್ಟಿತು. ಮೂವತ್ತು ದಿನಗಳಲ್ಲಿ ದೂರು ಪರಿಹಾರವಾಗದಿದ್ದರೆ ದಿನವೊಂದಕ್ಕೆ 100 ರೂಪಾಯಿಯಂತೆ ದೂರುದಾರನಿಗೆ ಕೊಡಬೇಕು. 48ನೆಯ ದಿನ ಪರಿಹಾರವಾದರೆ 1,800 ರೂಪಾಯಿ. ಸಂಸ್ಥೆಯು 21 ದಿನ ಮೀರಿಸಿದ್ದರೆ ಅದು ಕೊಡಬೇಕು. ಅದು ಸಕಾಲಕ್ಕೆ ಕಳುಹಿಸಿಯೂ ವರದಿ ಕಂಪನಿಯು ತಡಮಾಡಿದ್ದರೆ ಈ ಕಂಪನಿ ಕೊಡಬೇಕು. ಸ್ಕೋರ್ ಲೆಕ್ಕಹಾಕುವ ಸೂತ್ರದ ಬಗೆಗಿನ ತಕರಾರುಗಳಿಗೆ ಈ ಪರಿಹಾರವಿಲ್ಲ. ಕೋರಿಕೆಯನ್ನು ನಿರಾಕರಿಸಿದರೆ ಕಾರಣವನ್ನು ತಿಳಿಸಬೇಕು. ಸುಸ್ತಿಯ ಮಾಹಿತಿಯನ್ನು ವರದಿ ಕಂಪನಿಗೆ ಕಳುಹಿಸುವಾಗ ಸಾಲಗಾರನಿಗೆ ಸಂದೇಶದ ಮೂಲಕ ಸೂಚನೆ ಕೊಡಬೇಕೆಂಬುದೂ ಅದೇ ವರ್ಷದ ವಿಧಿ. ಹಳೆಯ ದೂರವಾಣಿ ಸಂಖ್ಯೆಯನ್ನು ಬ್ಯಾಂಕಿನಲ್ಲಿ ಬಿಟ್ಟಿರುವವರಿಗೆ ಮಾತ್ರ ಈ ಸೂಚನೆ ತಲುಪುವುದಿಲ್ಲ.

ಉತ್ತರ ಬಾರದಿದ್ದರೆ, ಇಲ್ಲವೆ ಬಂದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಲ್ಲಿಗೆ ಹೋಗಬಹುದು. 2022ರ ಸೆಪ್ಟೆಂಬರಿನಿಂದ ವರದಿ ಕಂಪನಿಗಳೂ ಈ ಅಧಿಕಾರಿಯ ವ್ಯಾಪ್ತಿಗೆ ಬಂದಿವೆ. ಅಲ್ಲಿಯೂ ಶುಲ್ಕವಿಲ್ಲ, ಆದರೆ ಮೊದಲು ಸಂಸ್ಥೆಗೆ ಬರೆದುದಕ್ಕೆ ಸ್ವೀಕೃತಿಯ ಸಂಖ್ಯೆ ಕೈಯಲ್ಲಿರಬೇಕು. ಬಾಯಿಮಾತಿನಲ್ಲಿ ಹೇಳಿ ಬಂದುದು ಹೇಳದಿರುವುದಕ್ಕೆ ಸಮ.

ತಪ್ಪುಗಳು ಎಷ್ಟು ಸಾಮಾನ್ಯ? ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1,001 ಮಂದಿಯ ವರದಿಗಳನ್ನು ಅವರೊಡನೆಯೇ ಪರೀಕ್ಷಿಸಿ, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿತು. ಸುಮಾರು ನಾಲ್ವರಲ್ಲಿ ಒಬ್ಬನು ಮುಖ್ಯವೆನ್ನಬಹುದಾದ ತಪ್ಪೊಂದನ್ನು ತೋರಿಸಿದನು. ಸುಮಾರು ಐವರಲ್ಲಿ ಒಬ್ಬನ ವರದಿಯು ದೂರಿನ ಮೇಲೆ ತಿದ್ದುಪಡಿಯಾಯಿತು. ನೂರರಲ್ಲಿ ಐವರ ತಪ್ಪುಗಳು ಹೆಚ್ಚಿನ ಬಡ್ಡಿಗೆ ಗುರಿಮಾಡುವಷ್ಟು ಗುರುತರವಾಗಿದ್ದುವು. ಹೆಸರುಗಳೂ ಲಿಪಿಗಳೂ ನಮ್ಮಲ್ಲಿ ಬೇರೆಯಾದುದರಿಂದ ಈ ಸಂಖ್ಯೆಗಳನ್ನು ಹಾಗೆಯೇ ಇಲ್ಲಿಗೆ ತರುವಂತಿಲ್ಲ. ಆದರೆ ದೂರಿದವರಲ್ಲಿ ಬಹುಮಂದಿಗೆ ಫಲ ದೊರೆಯಿತೆಂಬುದು ಗಮನಾರ್ಹ.

ಇಷ್ಟನ್ನು ತಿಳಿದ ಮೇಲೆ ನಮ್ಮ ವಿದ್ಯಾರ್ಥಿನಿಯ ಪ್ರಸಂಗದಲ್ಲಿ ಕಾಲದ ಲೆಕ್ಕವನ್ನು ಹೀಗೆ ಹಾಕಬಹುದು. ಪೂರ್ಣ ವರದಿಯನ್ನು ನಾಲ್ಕು ಕಂಪನಿಗಳೂ ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕು. ತನ್ನ ವರದಿಯನ್ನು ತಾನೇ ತರಿಸಿ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಸಾಲದ ಅರ್ಜಿಯು ಜುಲೈ ತಿಂಗಳಿಗೆ ಬೀಳುವುದಾದರೆ, ತಂದೆಯ ವರದಿಯನ್ನು ಫೆಬ್ರುವರಿಯಲ್ಲಿಯೇ ತರಿಸಬೇಕು. ದೂರಿಗೆ ಮೂವತ್ತು ದಿನ, ಅದು ಕೈಗೂಡದಿದ್ದರೆ ಮತ್ತೊಂದು ಸುತ್ತು ಬರೆಯಲು ಮೂವತ್ತು ದಿನ, ತಿದ್ದಿದುದು ಮರಳಿ ಬಂದಿಲ್ಲವೆಂದು ಖಚಿತಪಡಿಸಿಕೊಳ್ಳಲು ಎರಡು ಬಾರಿಯ ಲೆಕ್ಕ. ಪರೀಕ್ಷೆಯ ಓದಿನ ನಡುವೆ ಇದು ಬೇಸರದ ಕೆಲಸವೇ. ಆದರೆ ಅರ್ಧ ಗಂಟೆಗಿಂತ ಹೆಚ್ಚಿನ ಹೊತ್ತು ಬೇಡ. ಒಂದು ಕಂಪನಿಯ ವರದಿ ಸರಿಯಾದ ಮಾತ್ರಕ್ಕೆ ಉಳಿದ ಮೂರೂ ಸರಿಯಾದುವೆಂದು ತಿಳಿಯಬಾರದು. ಪೋಣಿಸುವಿಕೆಯ ತಪ್ಪಾದರೆ ಒಂದೊಂದು ಕಂಪನಿಯೂ ತನ್ನದೇ ರೀತಿಯಲ್ಲಿ ಪೋಣಿಸಿರುತ್ತದೆ. ಬ್ಯಾಂಕು ಯಾವುದರ ವರದಿಯನ್ನು ತರಿಸುವುದೆಂದು ಮೊದಲೇ ವಿಚಾರಿಸಿ, ಅದರಿಂದ ಆರಂಭಿಸುವುದು ಜಾಣತನ.

ಅರ್ಜಿಯು ಆಗಲೇ ಬ್ಯಾಂಕಿನ ಮೇಜಿನ ಮೇಲಿದ್ದರೆ ದೂರಿನ ಸ್ವೀಕೃತಿಯನ್ನೂ ಬೇಬಾಕಿ ಪತ್ರವನ್ನೂ ವ್ಯವಸ್ಥಾಪಕರಿಗೆ ಒಪ್ಪಿಸಿ, ನಮೂದು ವಿವಾದದಲ್ಲಿದೆಯೆಂದು ತಿಳಿಸಬೇಕು. ಸ್ಕೋರ್ ಕಡಿಮೆಯೆಂಬ ಒಂದೇ ಕಾರಣದಿಂದ ವಿದ್ಯಾರ್ಥಿಯ ಶಿಕ್ಷಣ ಸಾಲವನ್ನು ನಿರಾಕರಿಸಕೂಡದೆಂದು ಕೇರಳ ಹೈಕೋರ್ಟು 2023ರ ಮೇ ತಿಂಗಳಲ್ಲಿ ಹೇಳಿದೆ; ಆ ತೀರ್ಪನ್ನು ಉಲ್ಲೇಖಿಸುವುದರಲ್ಲಿ ತಪ್ಪಿಲ್ಲ. ವರದಿ ತಿದ್ದುಪಡಿಯಾದ ಕೂಡಲೇ ಶಾಖೆಗೆ ಹೋಗಿ ಹೊಸ ವರದಿಯನ್ನು ತರಿಸುವಂತೆ ಕೇಳಬೇಕು. ಸಾಲದ ಕಡತದಲ್ಲಿ ಹೊಲಿದಿಟ್ಟಿರುವುದು ಹಳೆಯ ಮುದ್ರಿತ ಪ್ರತಿ. ಹೊಸದನ್ನು ಯಾರಾದರೂ ಕೇಳುವ ತನಕ ಗುಮಾಸ್ತನು ಅದನ್ನೇ ಓದುತ್ತಿರುತ್ತಾನೆ.